ಶಾಲೆಯಲ್ಲಿ ಪೀಡನೆಯನ್ನು ಅಳೆಯುವುದು ಹೇಗೆ?

ಭೌತಶಾಸ್ತ್ರದ ಪ್ರಯೋಗಶಾಲೆಗೆ ಹೊಸದಾಗಿ ಬಂದ ವಿದ್ಯಾರ್ಥಿಯ ಕೈಗೆ ನಾವು ಮೊದಲು ಕೊಡುವ ಉಪಕರಣಗಳಲ್ಲಿ ಸ್ಕ್ರೂಗೇಜು ಒಂದು. ತಂತಿಯೊಂದರ ವ್ಯಾಸವನ್ನು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಸೂಕ್ಷ್ಮವಾಗಿ ಅದು ತಿಳಿಸಬಲ್ಲುದು. ಆದರೆ ತಂತಿಯನ್ನು ಅದರ ದವಡೆಗಳ ನಡುವೆ ಇಡುವುದಕ್ಕೆ ಮುಂಚೆ, ಏನನ್ನೂ ಇಡದೆ ತಿರುಪನ್ನು ಮುಚ್ಚಿ, ಸೊನ್ನೆಯ ಗೆರೆ ಸೊನ್ನೆಯ ಮೇಲೆಯೇ ನಿಲ್ಲುವುದೋ ಇಲ್ಲವೋ ಎಂಬುದನ್ನು ನೋಡಬೇಕು. ನಿಲ್ಲದಿದ್ದರೆ ಉಪಕರಣದಲ್ಲಿ ಶೂನ್ಯದೋಷವಿದೆಯೆಂದು ಅರ್ಥ. ಅದನ್ನು ಗಮನಿಸದೆ ಹತ್ತು ಸಲ ಅಳೆದರೆ ಹತ್ತು ಸಲವೂ ಒಂದೇ ತಪ್ಪು ಉತ್ತರ ಬರುತ್ತದೆ. ಉತ್ತರಗಳೆಲ್ಲ ಒಂದಕ್ಕೊಂದು ಹೊಂದಿಕೊಂಡುದನ್ನು ಕಂಡು ವಿದ್ಯಾರ್ಥಿಯು ಸಂತೋಷಪಡುತ್ತಾನೆ.

ಈ ಪಾಠವನ್ನು ಕಳೆದ ವರ್ಷ ನಾವು ಅನಿರೀಕ್ಷಿತವಾದ ಒಂದು ಸಂದರ್ಭದಲ್ಲಿ ನೆನೆಯಬೇಕಾಯಿತು. ನಮಗೆ ಬಹುಕಾಲದಿಂದ ಪರಿಚಿತರಾದ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರೊಬ್ಬರು ಒಂದು ಕಟ್ಟು ಕಾಗದಗಳನ್ನು ಹಿಡಿದು ನಮ್ಮ ಮನೆಗೆ ಬಂದರು. ಅವರ ಶಾಲೆಯ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಹೊಟ್ಟೆನೋವೆಂದು ಹೇಳಿ ಹದಿನೈದು ದಿನ ಶಾಲೆಗೆ ಬಾರದೆ ಉಳಿದಿದ್ದನಂತೆ. ಹೊಟ್ಟೆಯಲ್ಲಿ ಯಾವ ನೋವೂ ಇರಲಿಲ್ಲವೆಂದೂ, ಸಹಪಾಠಿಗಳ ಕಾಟವನ್ನು ತಾಳಲಾರದೆ ಹಾಗೆ ಮಾಡಿದನೆಂದೂ ಕಡೆಗೆ ಅವನ ತಾಯಿಯಿಂದ ತಿಳಿದುಬಂದಿತು. ಇಂಥವರು ಇನ್ನೆಷ್ಟು ಮಂದಿ ಇರಬಹುದೆಂಬ ಕಳವಳದಿಂದ ಮುಖ್ಯೋಪಾಧ್ಯಾಯರು ಎಲ್ಲ ತರಗತಿಗಳಲ್ಲಿಯೂ ಒಂದೊಂದು ಕಾಗದವನ್ನು ಹಂಚಿಸಿದರು. ಕಾಗದದ ತಲೆಯಲ್ಲಿ ಹೆಸರು, ತರಗತಿ, ಕ್ರಮಸಂಖ್ಯೆ; ಅದರ ಕೆಳಗೆ ಒಂದೇ ಒಂದು ಪ್ರಶ್ನೆ: ‘ನಿನಗೆ ಯಾರಾದರೂ ಕಿರುಕುಳ ಕೊಡುತ್ತಾರೆಯೇ? ಹೌದು / ಇಲ್ಲ.’ ತರಗತಿಯ ಮಾನಿಟರ್ ಬೆಂಚಿನಿಂದ ಬೆಂಚಿಗೆ ಹೋಗಿ ಅವನ್ನು ಕೂಡಿಸಿಕೊಂಡು ಬಂದಿದ್ದ. ‘ಶೇಕಡ ಎಷ್ಟೆಂದು ಲೆಕ್ಕ ಹಾಕಿಕೊಡಿ, ಮೇಷ್ಟ್ರೇ’ ಎಂದರು ಅವರು. ಹಾಗೆನ್ನುವಾಗ ಅವರ ಮುಖದಲ್ಲಿ ನೆಮ್ಮದಿಯೇ ಕಾಣುತ್ತಿತ್ತು.

ಲೆಕ್ಕ ಹಾಕಲು ಏನೂ ಇರಲಿಲ್ಲ. ಹೆಚ್ಚುಕಡಿಮೆ ಎಲ್ಲ ಕಾಗದಗಳಲ್ಲಿಯೂ ‘ಇಲ್ಲ’ ಎಂಬುದಕ್ಕೇ ಗುರುತು ಬಿದ್ದಿತ್ತು. ಹೊಟ್ಟೆನೋವಿನ ಹುಡುಗನ ಕಾಗದವನ್ನು ಹುಡುಕಿ ತೆಗೆದೆವು. ಅವನೂ ‘ಇಲ್ಲ’ ಎಂದೇ ಗುರುತು ಹಾಕಿದ್ದ.

ತಕ್ಕಡಿಯಲ್ಲಿ ಒಂದು ಸೇರಿನ ಕಲ್ಲನ್ನಿಟ್ಟಾಗ ಮುಳ್ಳು ಅಲುಗದಿದ್ದರೆ ನಾವು ಕಲ್ಲಿಗೆ ತೂಕವಿಲ್ಲವೆಂದು ಹೇಳುವುದಿಲ್ಲ; ತಕ್ಕಡಿ ಕೆಟ್ಟಿದೆ ಎನ್ನುತ್ತೇವೆ. ಇಲ್ಲಿಯೂ ಅಷ್ಟೇ. ಸೊನ್ನೆ ಬಂದುದು ಶಾಲೆಯಿಂದಲ್ಲ, ಉಪಕರಣದಿಂದ. ಹಾಗಾದರೆ ಕೆಡದ ತಕ್ಕಡಿಯನ್ನು ಮಾಡುವುದು ಹೇಗೆ? ಮುಖ್ಯೋಪಾಧ್ಯಾಯರ ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ಹಲವು ತಿಂಗಳು ಓದಿಕೊಂಡ ಸಂಗತಿಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ಭೌತಶಾಸ್ತ್ರದವರಿಗೆ ಇದರಲ್ಲೇನು ಕೆಲಸವೆಂದು ಕೆಲವರು ಕೇಳಬಹುದು. ಅಳತೆ ಎಲ್ಲಿ ನಡೆದರೂ ಅಳತೆಯೇ. ವ್ಯತ್ಯಾಸವಿಷ್ಟೆ: ತಂತಿಗೆ ನಾಚಿಕೆಯಿಲ್ಲ, ಪಕ್ಕದ ತಂತಿಯ ಭಯವಿಲ್ಲ, ಹೋದ ತಿಂಗಳು ತಾನು ಎಷ್ಟು ದಪ್ಪವಿದ್ದೆನೆಂದು ನೆನಪಿಸಿಕೊಳ್ಳುವ ಶ್ರಮವೂ ಇಲ್ಲ. ಪ್ರಶ್ನಾವಳಿಯಲ್ಲಾದರೋ ಅಳತೆಗೆ ಒಳಗಾಗತಕ್ಕವನೇ ಮುಳ್ಳು ಎಲ್ಲಿ ನಿಂತಿತೆಂಬುದನ್ನೂ ಓದಿ ಹೇಳಬೇಕು.

ಮೊದಲು, ಅಳೆಯಬೇಕಾದ ವಸ್ತು ಯಾವುದು? ಶಾಲೆಯ ಮಕ್ಕಳಲ್ಲಿ ಬಲಿಷ್ಠರು ದುರ್ಬಲರನ್ನು ಕಾಡುವುದು ಶಾಲೆಯಷ್ಟೇ ಹಳೆಯದು. ಅದನ್ನು ಶಾಸ್ತ್ರೀಯವಾಗಿ ಪರಿಶೀಲಿಸತೊಡಗಿದುದು ಮಾತ್ರ ಈಚೆಗೆ. ೧೯೬೯ರಲ್ಲಿ ಸ್ವೀಡನ್ನಿನ ವೈದ್ಯ ಪೀಟರ್ ಪಾಲ್ ಹೈನೆಮಾನ್ ಈ ವಿಷಯವಾಗಿ ಬರೆದು ಜನರ ಗಮನ ಸೆಳೆದರು. ಪ್ರಾಣಿಗಳು ಗುಂಪುಗೂಡಿ ಒಂದರ ಮೇಲೆ ಬೀಳುವುದನ್ನು ವರ್ಣಿಸಲು ಬಳಸುತ್ತಿದ್ದ ‘ಮಾಬಿಂಗ್’ ಎಂಬ ಪದವನ್ನು ಅವರು ಶಾಲಾ ಮಕ್ಕಳಿಗೆ ಅನ್ವಯಿಸಿದ್ದರು. ಅದೇ ದೇಶದಲ್ಲಿ ಹುಟ್ಟಿ ಮುಂದೆ ನಾರ್ವೆಯ ಬೆರ್ಗೆನ್ ನಗರದಲ್ಲಿ ನೆಲೆಸಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಅವರಿಗೆ ಈ ಗುಂಪಿನ ಚಿತ್ರ ಪೂರ್ತಿಯಾಗಿ ಒಪ್ಪಿಗೆಯಾಗಲಿಲ್ಲ. ಇಡೀ ತರಗತಿಯೇ ಒಬ್ಬನ ಮೇಲೆ ಬೀಳುವುದಕ್ಕಿಂತ, ಗುರುತಿಸಬಹುದಾದ ಒಬ್ಬಿಬ್ಬರು ಅಥವಾ ಮೂವರು ಇನ್ನೊಬ್ಬನನ್ನು ದಿನದಿನವೂ ಕಾಡುವುದೇ ಹೆಚ್ಚೆಂಬುದು ಅವರಿಗೆ ಕಂಡುಬಂದಿತು. ೧೯೭೦ರ ದಶಕದ ಪ್ರಾರಂಭದಿಂದ ೨೦೨೦ರಲ್ಲಿ ತಾವು ತೀರಿಕೊಳ್ಳುವವರೆಗೆ ಅವರು ಈ ಕೆಲಸವನ್ನು ಕೈಬಿಡಲಿಲ್ಲ. ಇಂದು ಲೋಕದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಲಕ್ಷಣವಾಕ್ಯ ಅವರದೇ: ನೋಯಿಸಬೇಕೆಂಬ ಉದ್ದೇಶವಿರಬೇಕು, ಅದು ಮತ್ತೆ ಮತ್ತೆ ನಡೆಯಬೇಕು, ಕಾಡುವವನಿಗೂ ಕಾಡಿಸಿಕೊಳ್ಳುವವನಿಗೂ ಬಲದಲ್ಲಿ ಅಂತರವಿರಬೇಕು. ಬಲವೆಂದರೆ ತೋಳಬಲವೇ ಆಗಬೇಕಾಗಿಲ್ಲ. ಸಂಖ್ಯೆ, ಹಣ, ಜಾತಿ, ಮಾತಿನ ಚಾತುರ್ಯ, ಉಪಾಧ್ಯಾಯರ ಒಲವು, ಇವೆಲ್ಲವೂ ಬಲವೇ. ಸಮಬಲರಾದ ಇಬ್ಬರು ಮೈದಾನದಲ್ಲಿ ಹೊಡೆದಾಡಿಕೊಂಡರೆ ಅದು ಜಗಳ, ಪೀಡನೆಯಲ್ಲ.

ಈ ವಿಚಾರ ವಿದ್ವಾಂಸರ ಚರ್ಚೆಯಿಂದ ಆಚೆಗೆ ಬಂದುದು ಒಂದು ದುರಂತದಿಂದ. ೧೯೮೨ರ ಕೊನೆಯಲ್ಲಿ ಉತ್ತರ ನಾರ್ವೆಯಲ್ಲಿ ೧೦ರಿಂದ ೧೪ ವರ್ಷದೊಳಗಿನ ಮೂವರು ಬಾಲಕರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಸಹಪಾಠಿಗಳ ಪೀಡನೆಯೇ ಅದಕ್ಕೆ ಕಾರಣವಾಗಿರಬೇಕೆಂದು ತಿಳಿದುಬಂದಾಗ ದೇಶವೆಲ್ಲ ತಲ್ಲಣಿಸಿತು. ಮರುವರ್ಷ, ೧೯೮೩ರಲ್ಲಿ, ಸರ್ಕಾರವೇ ರಾಷ್ಟ್ರವ್ಯಾಪಿಯಾದ ಆಂದೋಲನವನ್ನು ಪ್ರಾರಂಭಿಸಿತು. ಅದರ ಅಂಗವಾಗಿ ಓಲ್ವೇಯಸ್ ಅವರ ಪ್ರಶ್ನಾವಳಿ ನಾರ್ವೆಯ ಶಾಲೆಗಳಿಗೆ ಹೋಯಿತು. ಸುಮಾರು ೧,೩೦,೦೦೦ ವಿದ್ಯಾರ್ಥಿಗಳ ಉತ್ತರಗಳಿಂದ ಬಂದ ಫಲವಿದು: ‘ಆಗೊಮ್ಮೆ ಈಗೊಮ್ಮೆ’ ಅಥವಾ ಅದಕ್ಕಿಂತ ಹೆಚ್ಚಾಗಿ ಪೀಡಿತರಾದವರು ಶೇಕಡ ೯; ಇತರರನ್ನು ಪೀಡಿಸುವವರು ಶೇಕಡ ೭; ಎರಡೂ ಗುಂಪಿಗೆ ಸೇರಿದ ಕೆಲವರನ್ನು ಎರಡು ಸಲ ಎಣಿಸದೆ ಕೂಡಿದರೆ ಒಟ್ಟು ಶೇಕಡ ೧೫. ಏಳು ಮಕ್ಕಳಲ್ಲಿ ಒಬ್ಬರು! ತಮ್ಮ ಮನೆಯ ಮಗು ಮಾತ್ರ ಹೀಗೆಂದು ತಿಳಿದಿದ್ದ ಎಷ್ಟೋ ತಂದೆತಾಯಿಗಳಿಗೆ ಆ ಒಂದು ಅಂಕಿಯೇ ಧೈರ್ಯ ಕೊಟ್ಟಿರಬೇಕು. ಅಂಕಿಗಳಿಂದ ಮನುಷ್ಯನ ನೋವನ್ನು ಹೇಳಲಾಗದೆಂಬ ಮಾತು ನಿಜ. ಆದರೆ ಅಂಕಿಯಿಲ್ಲದ ನೋವನ್ನು ಕಚೇರಿಗಳು ಕೇಳಿಸಿಕೊಳ್ಳುವುದಿಲ್ಲವೆಂಬುದೂ ಅಷ್ಟೇ ನಿಜ.

ಈಗ ನಮ್ಮ ಮುಖ್ಯೋಪಾಧ್ಯಾಯರ ಪ್ರಶ್ನೆಗೆ ಬರೋಣ. ಅವರು ‘ಕಿರುಕುಳ’ ಎಂಬ ಪದವನ್ನು ಬಳಸಿದ್ದರು. ಇಂಗ್ಲಿಷಿನಲ್ಲಿ ‘ಬುಲ್ಲಿಯಿಂಗ್’ ಎಂದೊಡನೆ ಮಕ್ಕಳಿಗೆ ಒಂದು ಚಿತ್ರ ಕಣ್ಣಿಗೆ ಕಟ್ಟುತ್ತದೆ. ಕನ್ನಡದಲ್ಲಿ ಅದಕ್ಕೆ ಯಾವುದು? ಚುಡಾಯಿಸುವುದೆಂದರೆ ಅರ್ಧ ತಮಾಷೆ. ಅಲ್ಲದೆ ಹುಡುಗಿಯರ ವಿಷಯದಲ್ಲಿ ಆ ಪದಕ್ಕೆ ಬೇರೆಯೇ ಅರ್ಥ ಅಂಟಿಕೊಂಡಿದೆ. ಗೋಳುಹೊಯ್ದುಕೊಳ್ಳುವುದು ತುಂಬ ಹತ್ತಿರ ಬರುತ್ತದೆ. ಆದರೆ ಮೊಮ್ಮಗುವೂ ಅಜ್ಜಿಯನ್ನು ಗೋಳುಹೊಯ್ದುಕೊಳ್ಳುತ್ತದೆ, ಅಜ್ಜಿ ಅದನ್ನು ಬಯಸಿಯೇ ಇರುತ್ತಾಳೆ. ‘ರ‍್ಯಾಗಿಂಗ್’ ಎಂದರೆ ಕಾಲೇಜಿನ ಹಿರಿಯರು ಹೊಸಬರನ್ನು ಹಿಂಸಿಸುವುದೆಂದು ಮಕ್ಕಳು ಎಣಿಸುತ್ತಾರೆ. ‘ಕಿರುಕುಳ’ ವರ್ತಮಾನ ಪತ್ರಿಕೆಯ ಪದ. ಅದನ್ನು ಓದಿದ ಹುಡುಗನಿಗೆ ಪೊಲೀಸು ಠಾಣೆ ನೆನಪಾದೀತೇ ಹೊರತು ತನ್ನ ಊಟದ ಡಬ್ಬಿಯನ್ನು ದಿನವೂ ಕಸಿದುಕೊಳ್ಳುವ ಸಹಪಾಠಿಯಲ್ಲ. ಈ ಲೇಖನದಲ್ಲಿ ನಾವು ‘ಪೀಡನೆ’ ಎಂದು ಬರೆಯುತ್ತಿರುವುದು ವಾಚಕರ ಅನುಕೂಲಕ್ಕಾಗಿ ಮಾತ್ರ. ಮಕ್ಕಳ ಕೈಗೆ ಕೊಡುವ ಕಾಗದದಲ್ಲಿ ಅದೂ ಒದಗಲಾರದು.

ಇದು ಕನ್ನಡಕ್ಕೆ ಮಾತ್ರ ಬಂದ ಕಷ್ಟವೆಂದು ತಿಳಿಯಬೇಕಾಗಿಲ್ಲ. ಪೀಟರ್ ಸ್ಮಿತ್ ಮತ್ತು ಅವರ ಸಹೋದ್ಯೋಗಿಗಳು ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ೧೪ ದೇಶಗಳ ಮಕ್ಕಳಿಗೆ ಕಡ್ಡಿಗೊಂಬೆಗಳ ಚಿತ್ರಗಳನ್ನು ತೋರಿಸಿ, ತಮ್ಮ ತಮ್ಮ ಭಾಷೆಯ ಪದ ಯಾವ ಯಾವ ಚಿತ್ರಕ್ಕೆ ಒಪ್ಪುತ್ತದೆಂದು ಕೇಳಿದರು. ಒಂದು ಭಾಷೆಯಲ್ಲಿ ಹೊಡೆತಕ್ಕೆ ಮಾತ್ರ ಒಪ್ಪುವ ಪದವಿದ್ದರೆ ಇನ್ನೊಂದರಲ್ಲಿ ಆಟಕ್ಕೆ ಸೇರಿಸದೆ ಹೊರಗಿಡುವುದಕ್ಕೂ ಒಪ್ಪುವ ಪದವಿದ್ದಿತು. ವಯಸ್ಸಿನ ಅಂತರವಂತೂ ಇನ್ನೂ ಸ್ಪಷ್ಟ. ಎಂಟು ವರ್ಷದ ಮಕ್ಕಳು ಬಹುಮಟ್ಟಿಗೆ ‘ಕೆಟ್ಟದ್ದು’, ‘ಕೆಟ್ಟದ್ದಲ್ಲದ್ದು’ ಎಂದು ಎರಡೇ ಗುಂಪು ಮಾಡಿದರೆ, ಹದಿನಾಲ್ಕು ವರ್ಷದವರು ಜಗಳವನ್ನು ಬೇರೆ, ದೈಹಿಕ ಪೀಡನೆಯನ್ನು ಬೇರೆ, ಮಾತಿನ ಪೀಡನೆಯನ್ನು ಬೇರೆ ಎಂದು ಬಿಡಿಸಬಲ್ಲವರಾಗಿದ್ದರು. ಕೆನಡಾದಲ್ಲಿ ೮ರಿಂದ ೧೮ ವರ್ಷದ ೧,೭೬೭ ವಿದ್ಯಾರ್ಥಿಗಳ ಮೇಲೆ ನಡೆದು ೨೦೦೮ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಪೀಡನೆಯೆಂದರೆ ಏನೆಂದು ಮಕ್ಕಳನ್ನೇ ಬರೆಯಹೇಳಿದರು. ಬಲದ ಅಂತರವನ್ನು ಹೇಳಿದವರು ಶೇಕಡ ೨೬. ಮತ್ತೆ ಮತ್ತೆ ನಡೆಯಬೇಕೆಂದವರು ಶೇಕಡ ೬. ಉದ್ದೇಶವನ್ನು ಹೇಳಿದವರು ಶೇಕಡ ೨ನ್ನೂ ಮುಟ್ಟಲಿಲ್ಲ. ವಿದ್ವಾಂಸರು ಕಟ್ಟಿದ ಲಕ್ಷಣವಾಕ್ಯದ ಮೂರು ಕಂಬಗಳೂ ಮಕ್ಕಳ ಮನಸ್ಸಿನಲ್ಲಿ ಇರಲಿಲ್ಲವೆಂದಾಯಿತು. ಅದೇ ಅಧ್ಯಯನದಲ್ಲಿ, ಲಕ್ಷಣವಾಕ್ಯವನ್ನು ಮೊದಲೇ ಓದಿಸಿದ ಮಕ್ಕಳಲ್ಲಿ ‘ನಾನು ಪೀಡಿತ’ ಎಂದವರು, ಓದಿಸದೆ ಕೇಳಿದ ಮಕ್ಕಳಲ್ಲಿ ಹಾಗೆಂದವರಿಗಿಂತ ಕಡಿಮೆ. ಪ್ರಶ್ನೆಗೆ ಮುಂಚೆ ನಾಲ್ಕು ಸಾಲು ಹೆಚ್ಚಾಗಿ ಓದಿದುದರಿಂದ ಅಳತೆ ಬದಲಾಯಿತು.

ಓಲ್ವೇಯಸ್ ಪ್ರಶ್ನಾವಳಿ ಲಕ್ಷಣವಾಕ್ಯವನ್ನು ಓದಿಸಿಯೇ ಮುಂದುವರಿಯುತ್ತದೆ. ಅಂಥ ಕೃತ್ಯಗಳು ಯಾವುವೆಂದು ಸರಳವಾಗಿ ವಿವರಿಸಿ, ಸ್ನೇಹದ ತಮಾಷೆ ಇದರಲ್ಲಿ ಸೇರದೆಂದು ಎಚ್ಚರಿಸಿ, ‘ಕಳೆದ ಎರಡು ಮೂರು ತಿಂಗಳಲ್ಲಿ’ ಎಂದು ಕಾಲವನ್ನು ಗೊತ್ತುಪಡಿಸಿ, ಐದು ಉತ್ತರಗಳನ್ನು ಕೊಡುತ್ತದೆ: ಒಮ್ಮೆಯೂ ಇಲ್ಲ, ಒಂದೆರಡು ಸಲ ಮಾತ್ರ, ತಿಂಗಳಿಗೆ ಎರಡು ಮೂರು ಸಲ, ವಾರಕ್ಕೊಮ್ಮೆ, ವಾರಕ್ಕೆ ಹಲವು ಸಲ. ಅನಂತರ ಅಡ್ಡಹೆಸರು, ಹೊಡೆತ, ದೂರವಿಡುವುದು, ಸುಳ್ಳು ಸುದ್ದಿ ಹಬ್ಬಿಸುವುದು, ವಸ್ತುಗಳನ್ನು ಕಸಿಯುವುದು ಎಂದು ಒಂದೊಂದನ್ನೂ ಬೇರೆ ಬೇರೆಯಾಗಿ ಕೇಳುತ್ತದೆ. ಹಾಳೆಯಲ್ಲಿ ಹೆಸರು ಇರಕೂಡದು.

ಇಲ್ಲಿ ವಾಚಕರು ಸ್ವಲ್ಪ ನಿಂತು ಲೆಕ್ಕ ಮಾಡಿ ನೋಡಬೇಕು. ಉದಾಹರಣೆಗಾಗಿ ನೂರು ವಿದ್ಯಾರ್ಥಿಗಳ ಒಂದು ಶಾಲೆಯನ್ನು ಕಲ್ಪಿಸಿಕೊಳ್ಳೋಣ. ಮೇಲಿನ ಐದು ಉತ್ತರಗಳಿಗೆ ಕ್ರಮವಾಗಿ ೬೨, ೨೨, ೭, ೫, ೪ ಮಂದಿ ಗುರುತು ಹಾಕಿದರೆನ್ನೋಣ. ಈ ಶಾಲೆಯಲ್ಲಿ ಪೀಡಿತರು ಎಷ್ಟು? ಒಂದು ಸಲವಾದರೂ ಅನುಭವಿಸಿದವರೆಲ್ಲ ಪೀಡಿತರೆಂದರೆ ೩೮. ತಿಂಗಳಿಗೆ ಎರಡು ಮೂರು ಸಲವಾದರೂ ನಡೆದಿರಬೇಕೆಂದರೆ ೧೬. ವಾರಕ್ಕೊಮ್ಮೆಯಾದರೂ ಎಂದರೆ ೯. ಹಾಳೆಗಳು ಅವೇ, ಮಕ್ಕಳು ಅವರೇ. ಗೆರೆಯನ್ನು ಎಲ್ಲಿ ಎಳೆದೆವೆಂಬುದರ ಮೇಲೆ ಉತ್ತರ ನಾಲ್ಕು ಪಟ್ಟು ಬದಲಾಯಿತು. ಮೋನಾ ಸೋಲ್ಬೆರ್ಗ್ ಮತ್ತು ಓಲ್ವೇಯಸ್ ೨೦೦೩ರಲ್ಲಿ ‘ತಿಂಗಳಿಗೆ ಎರಡು ಮೂರು ಸಲ’ ಎಂಬಲ್ಲಿ ಗೆರೆ ಎಳೆಯುವುದು ಯುಕ್ತವೆಂದು ವಾದಿಸಿದರು. ಗೆರೆಯ ಆಚೆಗಿರುವ ಮಕ್ಕಳು ಖಿನ್ನತೆಯಲ್ಲಿಯೂ, ತಮ್ಮ ಬಗ್ಗೆ ತಮಗಿರುವ ಗೌರವದಲ್ಲಿಯೂ ಈಚೆಗಿರುವ ಮಕ್ಕಳಿಗಿಂತ ಸ್ಪಷ್ಟವಾಗಿ ಬೇರೆಯಾಗಿ ಕಂಡುಬಂದರೆಂಬುದು ಅವರ ಆಧಾರ. ಇದು ಒಳ್ಳೆಯ ಕಾರಣ. ಆದರೂ ಗೆರೆಯ ಈಚೆಗೆ ಉಳಿದ ೨೨ ಮಂದಿಗೆ ‘ನೀವು ಲೆಕ್ಕಕ್ಕಿಲ್ಲ’ ಎಂದು ಯಾರು ಹೇಳಬಲ್ಲರು? ಒಂದೇ ಸಲ, ಆದರೆ ಇಡೀ ಶಾಲೆಯ ಮುಂದೆ ಅವಮಾನಿತಳಾದ ಹುಡುಗಿ ಆ ೨೨ರಲ್ಲಿಯೇ ಇರುತ್ತಾಳೆ.

ಪತ್ರಿಕೆಗಳಲ್ಲಿ ಬರುವ ದೊಡ್ಡ ಅಂಕಿಗಳನ್ನು ಈ ಬೆಳಕಿನಲ್ಲಿ ಓದಬೇಕು. ಯುನೆಸ್ಕೋ ಸಂಸ್ಥೆ ೨೦೧೯ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಲೋಕದ ವಿದ್ಯಾರ್ಥಿಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರು ಪೀಡಿತರು. ಇದು ಕಳೆದ ಒಂದು ತಿಂಗಳಲ್ಲಿ ಒಂದು ಸಲವಾದರೂ ಎಂಬ ಗೆರೆ. ನಾರ್ವೆಯ ೧೯೮೩ರ ಶೇಕಡ ೯ರೊಡನೆ ಇದನ್ನು ಹೋಲಿಸಿ, ಲೋಕ ಕೆಟ್ಟುಹೋಯಿತೆಂದಾಗಲಿ ನಾರ್ವೆಯ ಮಕ್ಕಳು ಸಾಧುಗಳೆಂದಾಗಲಿ ತೀರ್ಮಾನಿಸುವುದು, ಒಬ್ಬನ ಎತ್ತರವನ್ನು ಅಡಿಗಳಲ್ಲಿಯೂ ಇನ್ನೊಬ್ಬನದನ್ನು ಗೇಣುಗಳಲ್ಲಿಯೂ ಅಳೆದು ಹೋಲಿಸಿದಂತೆ.

ಇನ್ನು ದೋಷಗಳ ವಿಚಾರ. ನಮ್ಮ ಶಾಸ್ತ್ರದಲ್ಲಿ ದೋಷಗಳು ಎರಡು ಬಗೆ. ಕೈ ನಡುಗುವುದರಿಂದಲೋ ಕಣ್ಣು ತಪ್ಪುವುದರಿಂದಲೋ ಒಮ್ಮೆ ಹೆಚ್ಚಾಗಿಯೂ ಒಮ್ಮೆ ಕಡಿಮೆಯಾಗಿಯೂ ಬರುವ ಆಕಸ್ಮಿಕ ದೋಷ ಒಂದು. ಅಳತೆಗಳ ಸಂಖ್ಯೆಯನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ಅದು ಅರ್ಧಕ್ಕೆ ಇಳಿಯುತ್ತದೆ. ಇನ್ನೊಂದು ಶೂನ್ಯದೋಷದಂಥ ವ್ಯವಸ್ಥಿತ ದೋಷ. ಲಕ್ಷ ಹಾಳೆಗಳನ್ನು ತುಂಬಿಸಿದರೂ ಅದು ಕೂದಲೆಳೆಯಷ್ಟೂ ಕಡಿಮೆಯಾಗದು. ನಾಚಿಕೆ, ಭಯ, ‘ಹೇಳಿ ಏನು ಪ್ರಯೋಜನ’ ಎಂಬ ನಿರಾಶೆ, ಇವೆಲ್ಲ ಎರಡನೆಯ ಬಗೆಯವು. ಇವು ಅಂಕಿಯನ್ನು ಕೆಳಕ್ಕೆ ಎಳೆಯುತ್ತವೆ.

ಮೇಲಕ್ಕೆ ಎಳೆಯುವುದೂ ಒಂದುಂಟು. ಅದು ತುಂಟತನ. ಅಮೆರಿಕದಲ್ಲಿ ೧೯೯೪-೯೫ರಲ್ಲಿ ಪ್ರಾರಂಭವಾದ ಹದಿಹರೆಯದವರ ಆರೋಗ್ಯದ ದೊಡ್ಡ ಅಧ್ಯಯನವೊಂದರಲ್ಲಿ, ತಾವು ಕೃತಕ ಕೈ ಅಥವಾ ಕಾಲನ್ನು ಬಳಸುತ್ತಿರುವುದಾಗಿ ಶಾಲೆಯಲ್ಲಿ ಕೊಟ್ಟ ಹಾಳೆಯಲ್ಲಿ ಅನೇಕರು ಬರೆದಿದ್ದರು. ಅವರಲ್ಲಿ ೨೫೩ ಮಂದಿಯನ್ನು ಮತ್ತೆ ಮನೆಯಲ್ಲಿ ಸಂದರ್ಶಿಸಿದಾಗ ನಿಜವೆಂದು ಹೇಳಿದವರು ೨ ಮಂದಿ ಮಾತ್ರ! ನಗು ಬರುವ ಸಂಗತಿಯೇ. ಆದರೆ ಇದರ ಗಣಿತ ನಗುವಂಥದಲ್ಲ. ಸಾವಿರ ವಿದ್ಯಾರ್ಥಿಗಳಲ್ಲಿ ತೀರ ಕ್ರೂರವಾದ ಒಂದು ಬಗೆಯ ಪೀಡನೆಗೆ ಒಳಗಾದವರು ೧೦ ಮಂದಿ ಎಂದಿಟ್ಟುಕೊಳ್ಳೋಣ. ಉಳಿದ ೯೯೦ರಲ್ಲಿ ನೂರಕ್ಕೆ ಇಬ್ಬರು ವಿನೋದಕ್ಕಾಗಿ ‘ಹೌದು’ ಎಂದರೂ ಸುಮಾರು ೨೦ ಸುಳ್ಳು ಉತ್ತರಗಳು ಸೇರುತ್ತವೆ. ಬಂದ ೩೦ರಲ್ಲಿ ಮೂರರಲ್ಲಿ ಎರಡು ಭಾಗ ಸುಳ್ಳು. ಬದಲಾಗಿ, ಅಡ್ಡಹೆಸರಿನಿಂದ ನೊಂದವರು ೩೦೦ ಮಂದಿ ಇದ್ದರೆ, ಉಳಿದ ೭೦೦ರಲ್ಲಿ ತುಂಟರು ೧೪. ಅಂಕಿ ೩೦೦ರ ಬದಲು ೩೧೪ ಆದೀತು, ಅಷ್ಟೆ. ವಸ್ತು ವಿರಳವಾದಷ್ಟೂ ತುಂಟತನದ ಪೆಟ್ಟು ದೊಡ್ಡದು. ಆದಕಾರಣ ಎಚ್ಚರಿಕೆಯುಳ್ಳ ಸಂಶೋಧಕರು ನಡುವೆ ‘ಈ ಹಾಳೆಯಲ್ಲಿ ನಾನು ನಿಜವನ್ನೇ ಬರೆಯುತ್ತಿದ್ದೇನೆ’ ಎಂಬಂಥ ವಾಕ್ಯವನ್ನು ಸೇರಿಸುತ್ತಾರೆ. ಅದಕ್ಕೆ ‘ಇಲ್ಲ’ ಎಂದು ಗುರುತು ಹಾಕುವ ಪ್ರಾಮಾಣಿಕ ತುಂಟರೂ ಸಿಗುತ್ತಾರೆ. ಅವರ ಹಾಳೆಗಳನ್ನು ಬದಿಗಿಡಬಹುದು.

ಪೀಡಿಸುವವರನ್ನು ಕೇಳುವುದು ಇನ್ನೂ ಕಷ್ಟ. ಇಲ್ಲಿ ನಮ್ಮ ಸ್ವಂತ ಅನುಭವವೊಂದನ್ನು ಹೇಳಬೇಕಾಗಿದೆ. ನಾವು ಪ್ರೌಢಶಾಲೆಯಲ್ಲಿದ್ದಾಗ ನಮ್ಮ ತರಗತಿಯಲ್ಲಿ ಮಾತು ತೊದಲುವ ಹುಡುಗನೊಬ್ಬನಿದ್ದ. ಹಾಜರಿ ಕೂಗಿದಾಗ ‘ಪ್ರೆಸೆಂಟ್ ಸಾರ್’ ಎನ್ನುವಷ್ಟರಲ್ಲಿ ಅವನ ಮುಖವೆಲ್ಲ ಬೆವರುತ್ತಿತ್ತು. ಹಿಂದಿನ ಬೆಂಚಿನ ಇಬ್ಬರು ಅದನ್ನು ಅನುಕರಿಸುತ್ತಿದ್ದರು, ತರಗತಿಯೆಲ್ಲ ನಗುತ್ತಿತ್ತು. ನಾವೂ ನಗುತ್ತಿದ್ದೆವು, ಒಂದೆರಡು ಸಲ ಅನುಕರಿಸಿಯೂ ಇದ್ದೆವು. ಮೂರು ವರ್ಷ ಇದು ನಡೆಯಿತು. ಆಗ ಯಾರಾದರೂ ‘ನೀನು ಯಾರನ್ನಾದರೂ ಪೀಡಿಸುತ್ತೀಯಾ?’ ಎಂದು ಕೇಳಿದ್ದರೆ ನಾವು ಸ್ವಲ್ಪವೂ ಸಂಕೋಚವಿಲ್ಲದೆ ‘ಇಲ್ಲ’ ಎಂದು ಬರೆಯುತ್ತಿದ್ದೆವು. ಅದು ಸುಳ್ಳೂ ಆಗಿರುತ್ತಿರಲಿಲ್ಲ. ನಮಗೆ ಹಾಗೆಂದು ತೋರಿಯೇ ಇರಲಿಲ್ಲ. ‘ಈ ತಿಂಗಳಲ್ಲಿ ಒಬ್ಬರು ಮಾತಾಡುವ ರೀತಿಯನ್ನು ಅಣಕಿಸಿ ನಕ್ಕಿದ್ದೀಯಾ? ಎಷ್ಟು ಸಲ?’ ಎಂದು ಕೇಳಿದ್ದರೆ ಉತ್ತರ ಬೇರೆಯಾಗುತ್ತಿತ್ತು. ಪೀಡನೆಯ ಹೆಸರನ್ನೆತ್ತದೆ ಕೃತ್ಯವನ್ನಷ್ಟೇ ವಿವರಿಸಿ ಕೇಳಿದಾಗ ಒಪ್ಪಿಕೊಳ್ಳುವವರ ಸಂಖ್ಯೆ ಏರುವುದನ್ನು ಸಂಶೋಧಕರೂ ಕಂಡಿದ್ದಾರೆ.

ಗುಟ್ಟನ್ನು ಕಾಪಾಡಿಯೂ ನಿಜವನ್ನು ಪಡೆಯುವ ಒಂದು ಸೊಗಸಾದ ಉಪಾಯವನ್ನು ಅಮೆರಿಕದ ಸ್ಟ್ಯಾನ್ಲಿ ವಾರ್ನರ್ ೧೯೬೫ರಲ್ಲಿ ಸೂಚಿಸಿದರು. ಅದರ ತತ್ತ್ವವನ್ನು ಸರಳಗೊಳಿಸಿದರೆ ಹೀಗೆ: ಪ್ರತಿಯೊಬ್ಬ ವಿದ್ಯಾರ್ಥಿಯೂ ಯಾರಿಗೂ ಕಾಣದಂತೆ ಒಂದು ನಾಣ್ಯವನ್ನು ಚಿಮ್ಮಬೇಕು. ತಲೆ ಬಿದ್ದರೆ, ನಿಜವೇನೇ ಇರಲಿ, ‘ಹೌದು’ ಎಂದು ಬರೆಯಬೇಕು. ಬಾಲ ಬಿದ್ದರೆ ನಿಜವನ್ನು ಬರೆಯಬೇಕು. ಯಾರದೇ ಹಾಳೆಯಲ್ಲಿ ‘ಹೌದು’ ಎಂದಿದ್ದರೂ ಅದು ನಾಣ್ಯದ ಮಾತೋ ಅವನ ಮಾತೋ ಯಾರಿಗೂ ತಿಳಿಯದು. ಆದರೆ ಒಟ್ಟು ಲೆಕ್ಕದಲ್ಲಿ ತಿಳಿಯುತ್ತದೆ. ೨೦೦ ಮಂದಿಯಲ್ಲಿ ೧೩೦ ‘ಹೌದು’ ಬಂದರೆ, ಸುಮಾರು ೧೦೦ ನಾಣ್ಯದವು. ಉಳಿದ ೩೦, ಬಾಲ ಬಿದ್ದ ಸುಮಾರು ೧೦೦ ಮಂದಿಯವು. ಎಂದರೆ ಶೇಕಡ ೩೦. ಈ ಗುಟ್ಟಿಗೆ ಬೆಲೆ ತೆರಬೇಕು: ನೇರವಾಗಿ ಕೇಳಿ ನಿಜವಾದ ಉತ್ತರವೇ ಬಂದಿದ್ದರೆ ಆಕಸ್ಮಿಕ ದೋಷ ಶೇಕಡ ೩ರ ಆಸುಪಾಸಿನಲ್ಲಿರುತ್ತಿತ್ತು; ನಾಣ್ಯದ ಮೂಲಕ ಕೇಳಿದಾಗ ಅದು ೭ರ ಸಮೀಪಕ್ಕೆ ಏರುತ್ತದೆ. ವ್ಯವಸ್ಥಿತ ದೋಷವನ್ನು ಕೊಟ್ಟು ಆಕಸ್ಮಿಕ ದೋಷವನ್ನು ಕೊಂಡುಕೊಂಡಂತಾಯಿತು. ಹಾಳೆಗಳನ್ನು ಹೆಚ್ಚಿಸಿ ಎರಡನೆಯದನ್ನು ಕುಗ್ಗಿಸಬಹುದಾದ್ದರಿಂದ ವ್ಯಾಪಾರ ಲಾಭದ್ದೇ. ನಮ್ಮ ಕಾಲೇಜಿನ ತರಗತಿಯೊಂದರಲ್ಲಿ ‘ಹಿಂದಿನ ವರ್ಷದವರ ರೆಕಾರ್ಡಿನಿಂದ ಪ್ರಯೋಗದ ಅಂಕಿಗಳನ್ನು ಇಳಿಸಿಕೊಂಡಿದ್ದೀರಾ?’ ಎಂಬ ಪ್ರಶ್ನೆಯನ್ನು ಈ ವಿಧಾನದಿಂದ ಕೇಳಿ ನೋಡಿದೆವು. ಬಂದ ಉತ್ತರವನ್ನು ಇಲ್ಲಿ ಬರೆಯದಿರುವುದೇ ಎಲ್ಲರಿಗೂ ಕ್ಷೇಮ. ಆದರೆ ಒಂದು ಕೊರತೆ ಅಲ್ಲಿಯೇ ಕಂಡಿತು: ಎಂದೂ ನಕಲು ಮಾಡದ ಕೆಲವರು, ತಲೆ ಬಿದ್ದರೂ ‘ಹೌದು’ ಎಂದು ಬರೆಯಲು ಒಪ್ಪಲಿಲ್ಲ. ಹದಿಮೂರು ವರ್ಷದ ಮಕ್ಕಳಲ್ಲಿ ಈ ಹಟ ಇನ್ನೂ ಹೆಚ್ಚಾಗಿರುವುದು ಸಹಜ. ಪ್ರೌಢಶಾಲೆಗೆ ನಾವು ಇದನ್ನು ಸಲಹೆ ಮಾಡಲಿಲ್ಲ.

ಸ್ವತಃ ಹೇಳಿಕೊಳ್ಳುವುದರಲ್ಲಿ ಇಷ್ಟೆಲ್ಲ ತೊಡಕಿದ್ದರೆ ಇತರರನ್ನು ಕೇಳಬಾರದೇಕೆ? ಕೇಳುವುದುಂಟು. ತರಗತಿಯ ಪಟ್ಟಿಯನ್ನು ಕೊಟ್ಟು, ಯಾರು ಯಾರನ್ನು ಕಾಡುತ್ತಾರೆಂದು ಸಹಪಾಠಿಗಳಿಂದಲೇ ಗುರುತಿಸುವ ವಿಧಾನ ಫಿನ್ಲೆಂಡಿನಲ್ಲಿ ತುಂಬ ಬೆಳೆದಿದೆ. ಕ್ರಿಸ್ಟೀನಾ ಸಾಲ್ಮಿವಾಲಿ ಮತ್ತು ಸಂಗಡಿಗರು ೧೯೯೬ರಲ್ಲಿ ಈ ಮಾರ್ಗದಿಂದಲೇ, ಪೀಡಕನಿಗೆ ಕೈಗೂಡಿಸುವವರು, ನಕ್ಕು ಹುರಿದುಂಬಿಸುವವರು, ಪೀಡಿತನ ಪರ ನಿಲ್ಲುವವರು, ದೂರ ಸರಿಯುವವರು ಎಂಬ ಪಾತ್ರಗಳನ್ನು ಬೇರ್ಪಡಿಸಿ ತೋರಿಸಿದರು. ಆ ಪಟ್ಟಿಯನ್ನು ಓದಿದಾಗ, ತೊದಲುವ ಹುಡುಗನ ತರಗತಿಯಲ್ಲಿ ನಮ್ಮ ಸ್ಥಾನ ಯಾವುದೆಂದು ಇಷ್ಟು ವರ್ಷಗಳ ಮೇಲೆ ನಮಗೆ ತಿಳಿಯಿತು. ಆದರೆ ಸಹಪಾಠಿಗಳು ಗುರುತಿಸಿದ ಪಟ್ಟಿಗೂ ಮಕ್ಕಳು ತಾವೇ ಬರೆದ ಉತ್ತರಗಳಿಗೂ ಹೊಂದಿಕೆ ಬಹಳವಿರುವುದಿಲ್ಲ. ಉಪಾಧ್ಯಾಯರ ಅಂದಾಜು ಎರಡಕ್ಕೂ ಹೊಂದುವುದಿಲ್ಲ. ಅವರ ಕಣ್ಣೆದುರಿಗೆ ನಡೆಯಬಾರದೆಂಬುದೇ ಪೀಡನೆಯ ಮೊದಲ ನಿಯಮ. ಕತ್ತಲಾದ ಮೇಲೆ ಕೈಯೊಳಗಿನ ಫೋನಿಗೆ ಬರುವ ಸಂದೇಶವನ್ನಂತೂ ಸಹಪಾಠಿಗಳೂ ಕಾಣರು. ನೋವು ಎಷ್ಟೆಂಬುದು ಕಡೆಗೂ ನೊಂದವನಿಗೆ ಮಾತ್ರ ಗೊತ್ತು. ಆದಕಾರಣ ಎಷ್ಟೇ ದೋಷಗಳಿದ್ದರೂ ಅವನನ್ನೇ ಕೇಳುವ ಹಾಳೆಯನ್ನು ಬಿಡುವಂತಿಲ್ಲ; ಅದನ್ನು ಸರಿಪಡಿಸಿಕೊಳ್ಳಬೇಕು, ಅಷ್ಟೆ.

ಮುಖ್ಯೋಪಾಧ್ಯಾಯರೊಡನೆ ಕುಳಿತು ನಾವು ಎರಡನೆಯ ಹಾಳೆಯನ್ನು ಸಿದ್ಧಪಡಿಸಿದೆವು. ಹೆಸರಿಲ್ಲ, ಕ್ರಮಸಂಖ್ಯೆಯಿಲ್ಲ, ಬರವಣಿಗೆಯಿಂದ ಗುರುತು ಸಿಗದಂತೆ ಎಲ್ಲವೂ ಗುರುತು ಹಾಕುವ ಉತ್ತರಗಳೇ. ಯಾವ ದೊಡ್ಡ ಪದವೂ ಇಲ್ಲ: ‘ಊಟದ ಹೊತ್ತಿನಲ್ಲಿ ನಿನ್ನನ್ನು ಜೊತೆಗೆ ಕೂರಿಸಿಕೊಳ್ಳದೆ ಇದ್ದರೇ?’, ‘ನಿನಗೆ ಇಷ್ಟವಿಲ್ಲದ ಹೆಸರಿನಿಂದ ಕರೆದರೇ?’, ‘ನಿನ್ನ ಜಾತಿಯನ್ನೋ ಬಣ್ಣವನ್ನೋ ಎತ್ತಿ ಆಡಿದರೇ?’ ಪ್ರತಿಯೊಂದಕ್ಕೂ ‘ದಸರಾ ರಜೆ ಮುಗಿದ ಮೇಲೆ ಎಷ್ಟು ಸಲ?’ ಎಂಬ ಪ್ರಶ್ನೆ. ಎರಡು ತಿಂಗಳೆಂದರೆ ಮಕ್ಕಳಿಗೆ ಅಂದಾಜು ಸಿಗದು, ದಸರಾ ಎಂದರೆ ಸಿಗುತ್ತದೆ. ಅದನ್ನು ಮಾಡಿದವರು ನಿನಗಿಂತ ಬಲಶಾಲಿಗಳೋ ಸಮಾನರೋ ಎಂಬುದನ್ನು ಬೇರೆಯಾಗಿಯೇ ಕೇಳಿದೆವು. ಪೀಡನೆ ಯಾವುದು, ಜಗಳ ಯಾವುದು ಎಂದು ವಿಂಗಡಿಸುವ ಕೆಲಸ ನಮ್ಮದು, ಮಗುವಿನದಲ್ಲ. ಇನ್ನೊಂದು ಸೂಕ್ಷ್ಮವನ್ನು ನಮಗೆ ತೋರಿಸಿಕೊಟ್ಟವರು ಆ ಶಾಲೆಯ ಕನ್ನಡ ಪಂಡಿತರು. ‘ಹೌದು ಎಂದವರಿಗೆ ಮಾತ್ರ ಮುಂದಿನ ಹತ್ತು ಪ್ರಶ್ನೆ ಎಂದು ಹಾಕಿದ್ದೀರಿ. ಇಲ್ಲ ಎಂದವನು ಎರಡು ನಿಮಿಷದಲ್ಲಿ ಲೇಖನಿ ಕೆಳಗಿಡುತ್ತಾನೆ. ಯಾರ ಲೇಖನಿ ಇನ್ನೂ ಓಡುತ್ತಿದೆಯೋ ಅವನು ಯಾರೆಂದು ತರಗತಿಗೆಲ್ಲ ಗೊತ್ತಾಗುವುದಿಲ್ಲವೇ?’ ಎಂದರು. ಎಲ್ಲರೂ ಎಲ್ಲ ಪ್ರಶ್ನೆಗಳಿಗೂ ಗುರುತು ಹಾಕುವಂತೆ ಹಾಳೆಯನ್ನು ತಿದ್ದಿದೆವು. ಪರೀಕ್ಷೆಯಂತೆ ದೂರ ದೂರ ಕೂರಿಸಿ, ಮಾನಿಟರನ್ನು ಬಿಟ್ಟು, ಹಾಳೆಯನ್ನು ಮಡಿಸಿ ತಾವೇ ಪೆಟ್ಟಿಗೆಗೆ ಹಾಕುವ ಏರ್ಪಾಡಾಯಿತು. ಹಂಚಲು ಬೇರೆ ಊರಿನಿಂದ ನಮ್ಮ ಇಬ್ಬರು ವಿದ್ಯಾರ್ಥಿಗಳು ಹೋದರು.

ಈ ಸಲ ಕಟ್ಟನ್ನು ಬಿಚ್ಚಿದಾಗ ಸೊನ್ನೆ ಇರಲಿಲ್ಲ. ಎಷ್ಟೆಂಬುದನ್ನು ಆ ಶಾಲೆಗೆ ಮಾತ್ರ ತಿಳಿಸುವುದಾಗಿ ಮಾತು ಕೊಟ್ಟಿದ್ದೇವೆ. ಮುಖ್ಯೋಪಾಧ್ಯಾಯರ ಮುಖದಲ್ಲಿ ಹಿಂದಿನ ನೆಮ್ಮದಿ ಉಳಿಯಲಿಲ್ಲ. ಮುಂದಿನ ವರ್ಷ ಮತ್ತೆ ಅಳೆದಾಗ ಅಂಕಿ ಇನ್ನೂ ಏರಿದರೂ ಗಾಬರಿಯಾಗಬಾರದೆಂದು ಅವರಿಗೆ ಹೇಳಿದ್ದೇವೆ. ಈ ವಿಷಯ ಶಾಲೆಯಲ್ಲಿ ಬಾಯಿಬಿಟ್ಟು ಮಾತಾಡುವಂಥದಾದರೆ, ಹಿಂದೆ ‘ಇದೆಲ್ಲ ಮಾಮೂಲು’ ಎಂದು ಸುಮ್ಮನಿದ್ದ ಮಕ್ಕಳು ಗುರುತು ಹಾಕತೊಡಗುತ್ತಾರೆ. ಪೀಡನೆ ಇಳಿಯುತ್ತಿರುವಾಗಲೇ ಅಂಕಿ ಏರುವುದು ಸಾಧ್ಯ. ಮೊದಲ ಎರಡು ವರ್ಷಗಳ ಅಂಕಿಗಳನ್ನಿಟ್ಟುಕೊಂಡು ಯಾವ ಉಪಾಧ್ಯಾಯರನ್ನೂ ಹೊಗಳಬಾರದು, ತೆಗಳಲೂಬಾರದು.

ಅವರು ಕೇಳಿದ ಇನ್ನೊಂದು ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಒಂದು ಹಾಳೆಯಲ್ಲಿ ಎಲ್ಲ ಸಾಲುಗಳಿಗೂ ‘ವಾರಕ್ಕೆ ಹಲವು ಸಲ’ ಎಂದು ಗುರುತಿತ್ತು, ‘ಯಾರಿಗಾದರೂ ಹೇಳಿದ್ದೀಯಾ?’ ಎಂಬುದಕ್ಕೆ ‘ಇಲ್ಲ’. ನಿಜವನ್ನು ಬರೆಯುವಂಥದೇ ಎಂದು ನಿರ್ಣಯಿಸಲು ಸೇರಿಸಿದ್ದ ವಾಕ್ಯಕ್ಕೆ ಉತ್ತರ ಸರಿಯಾಗಿಯೇ ಇತ್ತು. ‘ಈ ಮಗು ಯಾರು?’ ಎಂದರು ಮುಖ್ಯೋಪಾಧ್ಯಾಯರು. ಹೆಸರನ್ನು ತೆಗೆದುಹಾಕಿದ್ದರಿಂದಲೇ ಆ ಮಗು ನಿಜ ಬರೆಯಿತು. ಹೆಸರಿಲ್ಲದ್ದರಿಂದಲೇ ಅದನ್ನು ಹುಡುಕುವಂತಿಲ್ಲ. ಕೊಟ್ಟ ಮಾತನ್ನು ಮುರಿದು ಶಾಯಿಯ ಬಣ್ಣದಿಂದಲೋ ಮಡಿಕೆಯಿಂದಲೋ ಪತ್ತೆ ಹಚ್ಚಲು ಹೊರಟರೆ ಮುಂದಿನ ವರ್ಷ ಎಲ್ಲ ಹಾಳೆಗಳೂ ಮತ್ತೆ ಸೊನ್ನೆಗೆ ಹಿಂದಿರುಗುತ್ತವೆ.

ಕಡೆಗೆ, ಹಾಳೆಗಳನ್ನು ಹಾಕಿದ ಪೆಟ್ಟಿಗೆಯನ್ನೇ ಗ್ರಂಥಾಲಯದ ಬಾಗಿಲ ಬಳಿ ಇಡುವುದೆಂದು ನಿಶ್ಚಯವಾಯಿತು. ಮಾತಾಡಬೇಕೆನ್ನುವವರು ಹೆಸರು ಬರೆದ ಚೀಟಿಯನ್ನು ಅದರೊಳಗೆ ಹಾಕಬಹುದು. ಬೀಗದ ಕೈ ಯಾರ ಬಳಿ ಇರಬೇಕೆಂಬುದನ್ನು ಮಕ್ಕಳಿಂದಲೇ, ಅದೂ ಹೆಸರಿಲ್ಲದ ಚೀಟಿಗಳಲ್ಲಿ, ಕೇಳಿ ತಿಳಿಯಲಾಯಿತು. ಅದು ಈಗ ಕನ್ನಡ ಪಂಡಿತರ ಬಳಿ ಇದೆ. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಅವರು ಪೆಟ್ಟಿಗೆಯನ್ನು ತೆರೆಯುತ್ತಾರೆ.